ಕಿವಿರು ಎತ್ತಿ ನೋಡುತ್ತಿದ್ದ ಕಾಕ

ಮೀನಿನ ವಿಷಯದಲ್ಲಿ ನನಗೆ ಗುರುಗಳು ಅಂತ ಇದ್ದವರು ಒಬ್ಬರೇ. ಅವರ ಬಗ್ಗೆ ಬರೆಯುವ ಮೊದಲು ಒಂದು ಮಾತನ್ನು ಒಪ್ಪಿಕೊಂಡುಬಿಡುತ್ತೇನೆ: ನಾನು ಇವತ್ತಿನವರೆಗೆ ಮೀನು ತಿಂದವಳಲ್ಲ. ಹುಟ್ಟಿದ ಮನೆಯಲ್ಲೂ ಇಲ್ಲ, ಸೇರಿದ ಮನೆಯಲ್ಲೂ ಇಲ್ಲ. ಆದರೂ ಬೂತಾಯಿ ಯಾವುದು, ಬಂಗುಡೆ ಯಾವುದು, ಐಸಿನಲ್ಲಿ ಎರಡು ದಿನ ಮಲಗಿ ಎದ್ದು ಬಂದದ್ದು ಯಾವುದು ಎಂದು ರಸ್ತೆಯ ಈಚೆ ಬದಿಯಿಂದಲೇ ಹೇಳಬಲ್ಲೆ. ಇದು ನಮ್ಮ ಮನೆಯಲ್ಲಿ ಯಾವ ಉಪಯೋಗಕ್ಕೂ ಬಾರದ ವಿದ್ಯೆ.

ಪುತ್ತೂರಿನ ಹತ್ತಿರದ ಸವಣೂರಿನ ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಜೆರಾಕ್ಸ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ. ಅಲ್ಲಿಂದ ಎಡಕ್ಕೆ ಎರಡು ಬಾಗಿಲು ದಾಟಿದರೆ ಅವರ ಮೀನಿನಂಗಡಿ. ಊರಿನ ಸಣ್ಣವರು ದೊಡ್ಡವರೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದರು. ಹೆಸರು ನನಗೆ ಗೊತ್ತು. ಅವರ ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಕೊಟ್ಟವಳು ನಾನೇ. ಆದರೆ ತಮ್ಮ ಹೆಸರು ಎಲ್ಲೂ ಹಾಕಬಾರದು ಎಂದು ಅವರು ನನಗೆ ನಾಲ್ಕು ಸಲವಾದರೂ ಹೇಳಿದ್ದರು. ಕಳೆದ ವರ್ಷ ಅವರು ತೀರಿಕೊಂಡರು. ಹಾಗೆಂದು ಆ ಮಾತನ್ನು ಮೀರುವ ಧೈರ್ಯ ನನಗೆ ಬಂದಿಲ್ಲ.

ಎತ್ತರದ ಆಳು. ಬಿಳಿ ಬನಿಯನ್, ಮೊಣಕಾಲಿನವರೆಗೆ ಮಡಚಿ ಕಟ್ಟಿದ ಲುಂಗಿ. ಗಿರಾಕಿ ಎದುರಿಗೆ ಬಂದು ನಿಂತರೆ ಮೀನು ತೋರಿಸುವ ಮೊದಲು ವಿಚಾರಣೆ ಶುರು: "ಎಷ್ಟು ಜನಕ್ಕೆ? ಸಾರಿಗಾ, ಕಾಯಿಸುದಕ್ಕಾ? ಮನೆಯಲ್ಲಿ ಪ್ರಾಯದವರು ಉಂಟಾ, ಮುಳ್ಳು ತೆಗಿಲಿಕ್ಕೆ ಆಗ್ತದಾ ಅವರಿಗೆ?" ಆಸ್ಪತ್ರೆಯಲ್ಲಿ ಕೂಡ ಇಷ್ಟು ಕೇಳುವುದಿಲ್ಲ ಎಂದು ಜನ ಗೊಣಗುತ್ತಿದ್ದರು. ಗೊಣಗುತ್ತಲೇ ಮರುದಿನವೂ ಅಲ್ಲಿಗೇ ಬರುತ್ತಿದ್ದರು. ಸುಬ್ರಹ್ಮಣ್ಯಕ್ಕೆ ಹೊರಟವರು ಮಾತ್ರ ಆ ಬಾಗಿಲ ಮುಂದೆ ಮೂಗಿಗೆ ಕರವಸ್ತ್ರ ಹಿಡಿದು ಬೇಗ ಬೇಗ ದಾಟುವರು. ಕಾಕ ಅವರನ್ನು ನೋಡಿ, "ಹೋಗಿ ಬನ್ನಿ, ನಾಡಿದ್ದು ಸಿಗುವ" ಎನ್ನುವರು.

ನಮ್ಮಿಬ್ಬರ ಪರಿಚಯ ಮೀನಿನಂಗಡಿಯ ಎದುರು ಆದದ್ದಲ್ಲ. ಅದಕ್ಕೆ ಕಾರಣ ನನ್ನ ಒಂದು ಹುಚ್ಚು. ಸಮುದ್ರದ ಅಡಿಯಲ್ಲಿ ತಿರುಗಾಡಿ, ಚಿತ್ರವಿಚಿತ್ರ ಪ್ರಾಣಿಗಳನ್ನು ಹಿಡಿದು ಸಾಕುವ ಒಂದು ವಿಡಿಯೋ ಗೇಮ್ ಇದೆ. ಅಂಗಡಿಯಲ್ಲಿ ಜನ ಇಲ್ಲದಾಗ ಆಡಲು ಶುರು ಮಾಡಿದ್ದು, ಹಾಗೇ ಅಂಟಿಕೊಂಡಿತು. ಆ ಗೇಮಿನ ಅಭಿಮಾನಿಗಳು ಸೇರಿ ಒಂದು ವಿಕಿ ನಡೆಸುತ್ತಾರೆ. ಅಂದರೆ ಯಾರು ಬೇಕಾದರೂ ಬರೆದು ತಿದ್ದಬಹುದಾದ ಜಾಲತಾಣ. ಗೇಮಿನ ಒಂದೊಂದು ಪ್ರಾಣಿಗೂ ಅಲ್ಲಿ ಒಂದೊಂದು ಪುಟ. ಪುಟದ ಕೊನೆಗೆ 'ಮೂಲ' ಎಂಬ ಭಾಗ: ಈ ಕಲ್ಪನೆಯ ಪ್ರಾಣಿಯನ್ನು ಚಿತ್ರಕಾರರು ಯಾವ ನಿಜವಾದ ಪ್ರಾಣಿಯನ್ನು ನೋಡಿ ಬರೆದಿರಬಹುದು? ಅದನ್ನು ಕಂಡುಹಿಡಿದು, ಮೀನಾದರೆ ಮೀನಿನ ಪಟ್ಟಿಗೆ, ಹಕ್ಕಿಯಾದರೆ ಹಕ್ಕಿಯ ಪಟ್ಟಿಗೆ ಸೇರಿಸಬೇಕು. ಸಂಬಳ ಇಲ್ಲ, ಹೊಗಳುವವರಿಲ್ಲ. ತಪ್ಪಿದರೆ ಬೈಯುವವರು ಮಾತ್ರ ಪ್ರಪಂಚದ ಎಲ್ಲಾ ಕಡೆ ಇದ್ದಾರೆ. ಇಂಥ ಕೆಲಸವನ್ನು ನಾನು ಬಹಳ ಶ್ರದ್ಧೆಯಿಂದ ಮಾಡುತ್ತಿದ್ದೆ.

ಒಂದು ಬೆಳಿಗ್ಗೆ ಕಾಕ ಪಡಿತರ ಚೀಟಿಯ ಜೆರಾಕ್ಸಿಗೆ ಬಂದರು. ಕಂಪ್ಯೂಟರಿನಲ್ಲಿ ಫ್ಲಾಪ್ಟೂ ಎಂಬ ಪ್ರಾಣಿಯ ಚಿತ್ರ ತೆರೆದಿತ್ತು. ನೀಲಿ ಬಣ್ಣ, ಚಪ್ಪಟೆ ಮೈ, ಎರಡು ಕಣ್ಣೂ ಒಂದೇ ಬದಿಗೆ. ಕಾಕ ಬಗ್ಗಿ ನೋಡಿದರು.

"ಇದೆಂತ ಅಕ್ಕ, ನಂಗಿಗೆ ಯಾರು ನೀಲಿ ಹಾಕಿದ್ದು?"

ನಂಗು ಅಂದರೆ ನಾಲಗೆಯ ಆಕಾರದ ಚಪ್ಪಟೆ ಮೀನು. ಅದು ನನಗೆ ಆಗ ಗೊತ್ತಿರಲಿಲ್ಲ. "ನಂಗಲ್ಲ ಕಾಕ, ಫ್ಲೌಂಡರ್ ಅಂತ ಹಾಕಿದ್ದಾರೆ. ಹೊರದೇಶದ ಮೀನು" ಎಂದೆ.

"ಹಾಕಿದ್ದು ಯಾರು? ಅವರ ಅಂಗಡಿ ಎಲ್ಲಿ?"

ಅಂಗಡಿ ಇಲ್ಲ, ಇದು ಹೀಗೆ ಹೀಗೆ ಎಂದು ವಿವರಿಸಿದೆ. ಅವರು ಪಡಿತರ ಚೀಟಿಯನ್ನು ಮರೆತೇಬಿಟ್ಟರು. "ನಂಗಿಗೆ ಬಾಲ ಅಂತ ಬೇರೆ ಇಲ್ಲ ಅಕ್ಕ. ಬೆನ್ನಿನ ರೆಕ್ಕೆ, ಹೊಟ್ಟೆಯ ರೆಕ್ಕೆ ಎರಡೂ ಸುತ್ತು ಹಾಕಿಕೊಂಡು ಬಂದು ಕೊನೆಗೆ ಸೇರುದು. ಇಲ್ಲಿ ನೋಡಿ, ಸೇರಿದೆ. ನೀವು ಹೇಳುವ ಆ ಮೀನಿಗೆ ಬೀಸಣಿಗೆಯ ಹಾಗೆ ಬಾಲ ಉಂಟಾ ಇಲ್ವಾ, ಮೊದಲು ಅದನ್ನು ನೋಡಿ."

ನೋಡಿದೆ. ಇತ್ತು. ಮೂರು ವರ್ಷದಿಂದ ಆ ಪುಟದಲ್ಲಿ ಕುಳಿತಿದ್ದ ಹೆಸರು ತಪ್ಪಾಗಿತ್ತು.

ಕಾಕನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಮೊಬೈಲಿನಲ್ಲಿ ಇನ್ನೊಮ್ಮೆ ಆ ಪ್ರಾಣಿಯನ್ನು ತೋರಿಸಿದಾಗ, "ಇದರ ಹಿಂಬದಿ ಹೇಗುಂಟು?" ಎನ್ನುತ್ತಾ ನನ್ನ ಕೈಯಿಂದ ಮೊಬೈಲು ತೆಗೆದು ಮಗುಚಿ ನೋಡಿದರು. ಅಲ್ಲಿ ಕವರಿನ ಮೇಲೆ ಗುಲಾಬಿ ಹೂವಿತ್ತು. ನಾನು ನಕ್ಕೆ. ಅವರು ನಗಲಿಲ್ಲ. "ಮೀನನ್ನು ಮಗುಚದೆ, ಕಿವಿರು ಎತ್ತಿ ನೋಡದೆ ಹೆಸರು ಹೇಳುವವ ಮೀನಿನವ ಅಲ್ಲ" ಎಂದರು. ಕಿವಿರು ಎಂದರೆ ಮೀನು ಉಸಿರಾಡುವ ಜಾಗ, ಕೆನ್ನೆಯ ಹಿಂದಿನ ಆ ಕೆಂಪು. ಗೇಮಿನೊಳಗೆ ಪ್ರಾಣಿಯನ್ನು ಬೆರಳಿನಿಂದ ತಿರುಗಿಸಿ ಎಲ್ಲಾ ಬದಿಯನ್ನೂ ನೋಡಬಹುದು ಎಂದು ತೋರಿಸಿಕೊಟ್ಟಾಗ ಅವರಿಗೆ ಬಹಳ ಖುಷಿಯಾಯಿತು. ಸ್ವಲ್ಪ ಯೋಚಿಸಿ, "ನಮ್ಮ ಗಿರಾಕಿಗಳಿಗೆ ಇದು ಕಲಿಸಬೇಡಿ" ಎಂದರು.

ಅವತ್ತೇ ನಾನು ಪುಟವನ್ನು ತಿದ್ದಿದೆ. ಸಂಜೆಯೊಳಗೆ ಯಾರೋ ಅದನ್ನು ಹಿಂದಿನಂತೆಯೇ ಮಾಡಿ ಹಾಕಿದ್ದರು. ವಿಕಿಯಲ್ಲಿ ಮೇಲ್ವಿಚಾರಣೆ ಮಾಡುವ ಮಾಡರೇಟರ್ ಒಬ್ಬನಿದ್ದ. ಯಾವ ದೇಶದವನೋ ಗೊತ್ತಿಲ್ಲ. "ಆಧಾರ ಏನು?" ಎಂದು ಕೇಳಿದ್ದ. ನಮ್ಮ ಊರಿನ ಮೀನಿನ ವ್ಯಾಪಾರಿ ಹೇಳಿದರು ಎಂದು ಬರೆದೆ. "ಅದು ಆಧಾರವಲ್ಲ" ಎಂದು ಉತ್ತರ ಬಂತು.

ಮರುದಿನ ಕಾಕನಿಗೆ ಹೇಳಿದೆ. ಆ ಮಾಡರೇಟರನನ್ನು ಅವರು ಯಾವುದೋ ಇಲಾಖೆಯ ಅಧಿಕಾರಿ ಎಂದು ಭಾವಿಸಿದ್ದರು. ಕೊನೆಯವರೆಗೂ 'ನಿಮ್ಮ ಸಾಹೇಬ' ಎಂದೇ ಕರೆದರು.

"ನಿಮ್ಮ ಸಾಹೇಬನಿಗೆ ಹೇಳಿ, ಒಂದು ದಿನ ಬೆಳಿಗ್ಗೆ ಬರಲಿಕ್ಕೆ. ಧಕ್ಕೆಯಿಂದ ಪಿಕಪ್ ಬಂದು ಪೆಟ್ಟಿಗೆ ಇಳಿಸುವಾಗ ಇಲ್ಲಿ ನಿಲ್ಲಲಿ. ಆಧಾರ ನಾನು ಕೊಡ್ತೇನೆ."

"ಅವನು ಸಾಹೇಬ ಅಲ್ಲ ಕಾಕ. ಶಾಲೆಗೆ ಹೋಗುವ ಹುಡುಗನೂ ಇರಬಹುದು."

ಅವರ ಮುಖ ಒಮ್ಮೆಲೇ ಮೃದುವಾಯಿತು. "ಹೌದಾ? ಹಾಗಾದರೆ ತೊಂದರೆ ಇಲ್ಲ. ಮಕ್ಕಳಿಗೆ ಹೇಳಿ ಕೊಟ್ಟರೆ ಗೊತ್ತಾಗ್ತದೆ. ದೊಡ್ಡವರಿಗೇ ಕಷ್ಟ."

ಹೇಳಿಕೊಡುವ ದಾರಿಯನ್ನು ಅವರೇ ಹುಡುಕಿದರು. ಧಕ್ಕೆ ಅಂದರೆ ಮಂಗಳೂರಿನ ಬಂದರು. ಅಲ್ಲಿಂದ ಬಂದ ಪೆಟ್ಟಿಗೆಯಲ್ಲಿ ಒಳ್ಳೆಯ ಒಂದು ನಂಗನ್ನು ಆರಿಸಿ ತೆಗೆದಿಟ್ಟು, ನನ್ನನ್ನು ಕರೆದರು. ಅಂಗೈ ಮೇಲೆ ಅದನ್ನು ಮಲಗಿಸಿ ಹಿಡಿದರು, ಮಗುಚಿ ಹಿಡಿದರು, ಬಾಲದ ತುದಿಯನ್ನು ಬಿಡಿಸಿ ಹಿಡಿದರು. ನಾನು ಒಂದು ಮಾರು ದೂರ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದೆ. "ನನ್ನ ಮುಖ ಬರಬಾರದು. ಮೀನಿನ ಕಣ್ಣು ಬಂದರೆ ಸಾಕು. ಹೆಸರೂ ಬೇಡ." ಗೇಮಿನ ಚಿತ್ರದ ಪಕ್ಕದಲ್ಲಿ ಆ ಫೋಟೋಗಳನ್ನು ಇಟ್ಟು ವಿಕಿಗೆ ಹಾಕಿದೆ. ಎರಡು ದಿನ ಸದ್ದಿಲ್ಲ. ಮೂರನೆಯ ದಿನ ಮಾಡರೇಟರ್ ಒಪ್ಪಿಕೊಂಡ. ಒಂದೇ ಒಂದು ಪ್ರಶ್ನೆ ಕೇಳಿದ್ದ: "ಈ ಕೈ ಯಾರದು?"

"ಪರಿಣತರದು" ಎಂದು ಬರೆದೆ.

"ಹಾಗೆಂದರೆ ಎಂತ?" ಎಂದು ಕಾಕ ಕೇಳಿದರು.

"ವಿಷಯ ಗೊತ್ತಿರುವವರು ಅಂತ."

ಆಮೇಲೆ ಒಂದು ವಾರ ಅವರು ಬಂಗುಡೆ ಕೊಡುವಾಗಲೂ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ಗಿರಾಕಿಗಳಿಗೆ ವಿಚಾರಣೆಯೂ ಎರಡು ಪ್ರಶ್ನೆ ಹೆಚ್ಚಾಯಿತು.

ಹೀಗೆ ಕಾಕ ನನ್ನ ಗುರುಗಳಾದರು. ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯದ ಎರಡು ತಿಂಗಳು ಅವರ ಅಂಗಡಿಯಲ್ಲಿ ಒಣಮೀನು ಮಾತ್ರ. ಆಗ ಪುರುಸೊತ್ತು ಜಾಸ್ತಿ. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು, ಒಂದೊಂದೇ ಪ್ರಾಣಿಯನ್ನು ತಿರುಗಿಸಿ ತಿರುಗಿಸಿ ನೋಡುವರು. ಬೆನ್ನಿನ ಮೇಲೆ ದೀಪ ಹೊತ್ತದ್ದು, ಬೂಟು ಹಾಕಿದ್ದು, ಬಾಯಲ್ಲಿ ಬೆಂಕಿ ಉಗುಳುವುದು, ಯಾವುದಕ್ಕೂ ಅವರು ಆಶ್ಚರ್ಯಪಡುತ್ತಿರಲಿಲ್ಲ. "ದೀಪ ತೆಗೆಯಿರಿ. ಬೂಟು ತೆಗೆಯಿರಿ. ಈಗ ನೋಡಿ, ಇದು ಮುಗುಡು. ಮೀಸೆ ಉಂಟಲ್ಲ?" ಗೊತ್ತಿಲ್ಲದ್ದಾದರೆ ಗೊತ್ತಿಲ್ಲ ಎಂದು ಪೇಟೆಗೆ ಕೇಳುವ ಹಾಗೆ ಹೇಳುತ್ತಿದ್ದರು. ಗೊತ್ತಿಲ್ಲ ಎಂದು ಹೇಳಲು ಅಷ್ಟು ದೊಡ್ಡ ಸ್ವರ ಬೇಕಾ ಎಂದು ನಾನು ತಮಾಷೆ ಮಾಡಿದರೆ, "ಸಣ್ಣಕ್ಕೆ ಹೇಳಿದರೆ ಜನ ಗೊತ್ತುಂಟು ಅಂತ ಗ್ರಹಿಸ್ತಾರೆ" ಎನ್ನುವರು.

ಹೆಸರಿನ ವಿಷಯದಲ್ಲಿ ಅವರು ಬಹಳ ಬಿಗಿ. ಒಮ್ಮೆ ನಿವೃತ್ತ ಅಧಿಕಾರಿಯೊಬ್ಬರು ಮನೆಗೆ ನೆಂಟರು ಬರುತ್ತಾರೆಂದು ದುಬಾರಿ ಮೀನಾದ ಅಂಜಲ್ ಕೇಳಿಕೊಂಡು ಬಂದರು. ಪೆಟ್ಟಿಗೆಯಲ್ಲಿ ನೋಡಲು ಹಾಗೆಯೇ ಇದ್ದ ಬೇರೊಂದು ಮೀನಿತ್ತು. ಅಧಿಕಾರಿಗಳೇ ಅದನ್ನು ತೋರಿಸಿ, "ಇದೇ ಅಲ್ವಾ, ಕೊಡಿ" ಎಂದರು. ಕಾಕ ಮೀನಿನ ಮೇಲೆ ಕೈ ಅಡ್ಡ ಇಟ್ಟರು. "ಇದು ಅಂಜಲ್ ಅಲ್ಲ ಸರ್. ಅಂಜಲಿನ ಚಿಕ್ಕಪ್ಪನ ಮಗ. ಬೇಕಾದರೆ ಅವನ ಹೆಸರು ಹೇಳಿಯೇ ಕೊಂಡು ಹೋಗಿ, ನೆಂಟರಿಗೂ ಅದೇ ಹೆಸರು ಹೇಳಬೇಕು." ಅಧಿಕಾರಿಗಳು ಸಿಟ್ಟಾಗಿ ಕಡಬದ ಕಡೆಗೆ ಕಾರು ತಿರುಗಿಸಿದರು. ನಾನು, "ಒಳ್ಳೆ ಗಿರಾಕಿ ಹೋಯ್ತಲ್ಲ ಕಾಕ" ಎಂದರೆ, "ಹೋಗಲಿ. ನಾಳೆ ಅವರು ಇನ್ನೊಂದು ಕಡೆ ನಿಜವಾದ ಅಂಜಲ್ ತಿಂದು, ಕಾಕ ಕೊಟ್ಟದ್ದು ಎಂತ ಅಂತ ಕೇಳಿದರೆ ನಾನು ಮುಖ ಎಲ್ಲಿ ಇಡುದು?" ಎಂದರು.

ಇಷ್ಟೆಲ್ಲ ಇದ್ದವರು ಒಮ್ಮೆ ಭಾರೀ ಎಡವಿದರು. ಗೇಮಿನಲ್ಲಿ ಲೋಂಬು ಎಂಬ ಪ್ರಾಣಿ ಇದೆ. ಉದ್ದ ಮೈ, ಕಂದು ಬಣ್ಣ, ಎರಡೂ ತುದಿ ಚೂಪು, ಕೆನ್ನೆಯಲ್ಲಿ ಕಿವಿರು. ಕಾಕ ಅರ್ಧ ನಿಮಿಷದಲ್ಲಿ ಹಾವುಮೀನು ಎಂದು ತೀರ್ಪು ಕೊಟ್ಟರು. ನಾನು ಬರೆದೆ. ಮಾಡರೇಟರ್ ಕೂಡ ಈ ಸಲ ತಕರಾರು ಮಾಡಲಿಲ್ಲ. ಆ ಕೈಯ ಮೇಲೆ ಅವನಿಗೂ ನಂಬಿಕೆ ಬಂದಿತ್ತು. ಒಂದೆರಡು ತಿಂಗಳ ಮೇಲೆ ಗೇಮ್ ತಯಾರಿಸಿದವರೇ ಒಂದು ವಿಡಿಯೋ ಬಿಟ್ಟರು. ಅದರಲ್ಲಿ ಲೋಂಬುವಿನ ಚಿತ್ರ ಬರೆದವರು, ತಮ್ಮ ಹಿತ್ತಲಿನಲ್ಲಿ ಕಿತ್ತ ಸಿಹಿಗೆಣಸು ನೋಡಿ ಅದನ್ನು ಬರೆದೆ ಎಂದು ಹೇಳಿದ್ದರು.

ಕಾಕ ನಂಬಲಿಲ್ಲ. "ಗೆಣಸಿಗೆ ಕಿವಿರು ಎಂತಕ್ಕೆ ಅಕ್ಕ? ಉಸಿರಾಡ್ತದಾ ಅದು?"

"ಅವರೇ ಬರೆದದ್ದು ಕಾಕ, ಅವರಿಗೆ ಗೊತ್ತಿಲ್ವಾ?"

"ಬರೆದವನಿಗೆ ಎಂತ ಗೊತ್ತು!"

ಮೂರು ದಿನ ನನ್ನ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಎದುರು ಸಿಕ್ಕಿದರೂ ಐಸ್ ಒಡೆಯುವುದರಲ್ಲಿ ಮಗ್ನರಾದ ಹಾಗೆ ಮಾಡುತ್ತಿದ್ದರು. ನಾಲ್ಕನೆಯ ದಿನ ಬಂದವರೇ ಲುಂಗಿಯ ಮಡಿಕೆಯಿಂದ ಒಂದು ಗೆಣಸು ತೆಗೆದು ನನ್ನ ಮೇಜಿನ ಮೇಲಿಟ್ಟರು. ತೊಳೆದು ಒರೆಸಿದ ಗೆಣಸು. "ಬೆಳಿಗ್ಗೆಯಿಂದ ನೋಡಿದೆ. ಈ ತುದಿ, ಈ ಡೊಂಕು, ಈ ಬೇರಿನ ಕಣ್ಣು. ಸರಿ ಉಂಟು. ಗೆಣಸೇ. ಕಿವಿರು ಕಂಡ ಕೂಡಲೇ ನಾನು ಬೇರೆ ಎಂತದೂ ನೋಡ್ಲಿಲ್ಲ. ತಪ್ಪು ನನ್ನದು ಅಂತ ಬರೆಯಿರಿ."

"ಹಾಗೆಲ್ಲ ಬರೆಯುವ ಜಾಗ ಇಲ್ಲ ಕಾಕ. ಸುಮ್ಮನೆ ತಿದ್ದಿದರೆ ಆಯ್ತು."

"ಜಾಗ ಇಲ್ವಾ? ಅಷ್ಟು ದೊಡ್ಡ ಕಂಪ್ಯೂಟರಿನಲ್ಲಿ?"

ತಿದ್ದುಪಡಿಯ ಕೆಳಗೆ ಟಿಪ್ಪಣಿ ಬರೆಯಲು ಒಂದು ಸಾಲು ಇರುತ್ತದೆ. ಅಲ್ಲಿ, 'ಹಿಂದೆ ಹೇಳಿದ್ದು ನಮ್ಮ ತಪ್ಪು, ಕ್ಷಮಿಸಿ' ಎಂದು ಬರೆದು ಅವರಿಗೆ ಓದಿ ಹೇಳಿದೆ. 'ನಮ್ಮ' ಎನ್ನುವುದು ಅವರಿಗೆ ಸರಿ ಕಾಣಲಿಲ್ಲ. ನೀವು ಯಾಕೆ ನಡುವೆ ಬರುವುದು ಎಂದರು. ಕೊನೆಗೆ ಒಪ್ಪಿದರು. ಮಾಡರೇಟರ್ ಅದಕ್ಕೆ ನಗುಮುಖದ ಚಿತ್ರವೊಂದನ್ನು ಕಳಿಸಿದ. ಅದನ್ನು ನೋಡಿ, "ಒಳ್ಳೆ ಮನೆಯ ಹುಡುಗ" ಎಂದರು ಕಾಕ. ಗೆಣಸನ್ನು ನಾನು ಮನೆಗೆ ಒಯ್ದು ಬೇಯಿಸಿದೆ.

ಮನೆಗೆ ಒಯ್ದ ಇನ್ನೊಂದು ವಸ್ತುವಿನ ಕಥೆ ಅಷ್ಟು ಸುಲಭವಾಗಿ ಮುಗಿಯಲಿಲ್ಲ.

ಗೇಮಿನ ಒಂದು ಪ್ರಾಣಿಯನ್ನು ವಿಕಿಯಲ್ಲಿ ಬೊಂಡಾಸ್ ಎಂದು, ಅಂದರೆ ಹೋಟೆಲಿನವರು ಸ್ಕ್ವಿಡ್ ಎನ್ನುತ್ತಾರಲ್ಲ, ಆ ಜಾತಿಗೆ ಸೇರಿಸಿದ್ದರು. ಕಾಕ ಅದನ್ನು ಕಪ್ಪೆ ಬೊಂಡಾಸ್ ಎಂದರು. ಬೊಂಡಾಸಿಗೆ ರೆಕ್ಕೆ ಬಾಲದ ಹತ್ತಿರ ಮಾತ್ರ, ಕಪ್ಪೆ ಬೊಂಡಾಸಿಗೆ ಮೈಯ ಸುತ್ತಲೂ ಸೆರಗಿನ ಅಂಚಿನ ಹಾಗೆ. ಇನ್ನೂ ದೊಡ್ಡ ವ್ಯತ್ಯಾಸ ಒಳಗಿದೆ ಎಂದು ಹೇಳಿ, ಮರುದಿನ ಪೇಪರಿನಲ್ಲಿ ಸುತ್ತಿ ಒಂದು ವಸ್ತುವನ್ನು ತಂದುಕೊಟ್ಟರು. ಅಂಗೈಯಷ್ಟು ಉದ್ದ, ಬಿಳಿ, ಹಗುರ. ಉಗುರಿನಿಂದ ಕೆರೆದರೆ ಹಿಟ್ಟು ಉದುರುತ್ತದೆ. ಕಪ್ಪೆ ಬೊಂಡಾಸಿನ ಬೆನ್ನಿನೊಳಗೆ ಇರುವ ಓಡು. ಚೆನ್ನಾಗಿ ತೊಳೆದು ಬಿಸಿಲಿನಲ್ಲಿ ಒಣಗಿಸಿದ್ದರು, ವಾಸನೆಯ ಸುಳಿವೂ ಇರಲಿಲ್ಲ. ಫೋಟೋ ತೆಗೆದ ಮೇಲೆ ಹಿಂದೆ ಕೊಡಲು ಮರೆತು, ಬ್ಯಾಗಿನಲ್ಲಿಯೇ ಮನೆಗೆ ಬಂತು.

ಸಂಜೆ ನಾನು ಸ್ನಾನ ಮುಗಿಸಿ ಬರುವಾಗ ಅತ್ತೆ ಜಗಲಿಯಲ್ಲಿ ಕುಳಿತು ದೇವರ ಕೋಣೆಯ ಹಿತ್ತಾಳೆಯ ದೀಪವನ್ನು ತಿಕ್ಕುತ್ತಿದ್ದರು. ಕೈಯಲ್ಲಿ ಆ ಓಡು!

"ನಿನ್ನ ಬ್ಯಾಗಿನಲ್ಲಿ ಇತ್ತು ಮಾರಾಯ್ತಿ. ಸಮುದ್ರ ನೊರೆ ಈಗಲೂ ಸಿಗ್ತದಾ? ನಮ್ಮ ಅಜ್ಜಿ ಕಿವಿ ಸೋರಿದರೆ ಇದರ ಹುಡಿಯನ್ನೇ ಹಾಕುದು. ಪಾತ್ರೆಗೂ ಇದೇ. ಹೇಗೆ ಹೊಳೀತದೆ ನೋಡು!"

ಸಮುದ್ರದ ನೊರೆ ಗಟ್ಟಿಯಾಗಿ ದಡಕ್ಕೆ ಬಂದದ್ದು ಇದು ಎಂಬುದು ಅತ್ತೆಯ ತಿಳುವಳಿಕೆ. ಅವರ ಅಜ್ಜಿಯ ತಿಳುವಳಿಕೆಯೂ ಅದೇ. ದೀಪ ನಿಜಕ್ಕೂ ಬಂಗಾರದ ಹಾಗೆ ಹೊಳೆಯುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಒಳಗೆ ಹೋದೆ. ದೀಪ ದೇವರ ಮುಂದೆ ಹೋಯಿತು.

ಬೆಳಿಗ್ಗೆ ಕಾಕನಿಗೆ ಹೇಳುವಾಗ ನನಗೆ ನಗು ತಡೆಯಲಾಗಲಿಲ್ಲ. ಅವರೂ ನಗುತ್ತಾರೆ ಎಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಕತ್ತಿಯನ್ನು ಕೆಳಗಿಟ್ಟರು.

"ನೀವು ಹೇಳ್ಲಿಲ್ವಾ?"

"ಹೇಳಿದರೆ ಸುಮ್ಮನೆ ಗಲಾಟೆ ಕಾಕ. ಅವರಿಗೆ ಗೊತ್ತಿಲ್ಲ, ದೀಪವೂ ಹೊಳೀತಾ ಉಂಟು."

"ಅದು ಸರಿಯಲ್ಲ ಅಕ್ಕ. ನಾನು ಮಾರುದೇ ಮೀನು, ನನಗೆ ಅದರಲ್ಲಿ ಹೇಸಿಗೆ ಇಲ್ಲ. ಆದರೆ ಬೇಡ ಅಂತ ಇರುವವರ ಕೈಗೆ ಗೊತ್ತಿಲ್ಲದ ಹಾಗೆ ಕೊಡಬಾರದು. ಕೊಟ್ಟದ್ದು ನಾನು. ನೀವು ಹೇಳದಿದ್ದರೆ ನಾನು ಬಂದು ಹೇಳ್ತೇನೆ."

ಅವರು ಬಂದೇ ಬರುತ್ತಾರೆ ಎಂಬುದರಲ್ಲಿ ನನಗೆ ಸಂಶಯ ಇರಲಿಲ್ಲ. ಸಂಜೆ ಮನೆಗೆ ಹೋದವಳು ಅತ್ತೆಯ ಎದುರು ಕುಳಿತು ಎಲ್ಲವನ್ನೂ ಹೇಳಿದೆ: ಗೇಮು, ವಿಕಿ, ಮೀನಿನಂಗಡಿ, ಓಡು. ಅತ್ತೆ ಕೇಳಿದರು. ಎದ್ದು ದೀಪವನ್ನು ಹೊರಗೆ ತಂದು ಹುಣಸೆಹುಳಿ ಹಾಕಿ ತಿಕ್ಕಿದರು. ತೊಳೆದರು. ಮತ್ತೆ ತಿಕ್ಕಿದರು. ಆ ರಾತ್ರಿ ಊಟ ಬಡಿಸುವಾಗ ಸೌಟಿನ ಸದ್ದು ಜೋರಾಗಿತ್ತು. ನನ್ನ ಗಂಡ, ಏನಾಯಿತು ಎಂದು ಕಣ್ಣಿನಲ್ಲೇ ಕೇಳಿದ. ನಾನು ಸಾರಿನ ಪಾತ್ರೆ ನೋಡಿದೆ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಅತ್ತೆ ಬಾಗಿಲಿಗೆ ಬಂದರು.

"ಅದು ಮೀನಾ?"

"ಮೀನಲ್ಲ ಅತ್ತೆ. ಶಂಖದ ಜಾತಿಯದ್ದು. ಶಂಖಕ್ಕೆ ಓಡು ಹೊರಗೆ, ಇದಕ್ಕೆ ಒಳಗೆ. ಅಷ್ಟೇ ವ್ಯತ್ಯಾಸ."

ಇದು ನಾನು ಕಟ್ಟಿ ಹೇಳಿದ್ದಲ್ಲ. ಹಿಂದಿನ ದಿನ ಕಾಕ ಹೇಳಿದ್ದು, ಆಮೇಲೆ ನಾನು ಪುಸ್ತಕದಲ್ಲೂ ನೋಡಿ ಖಚಿತ ಮಾಡಿಕೊಂಡದ್ದು. ಅತ್ತೆ ದೇವರ ಕೋಣೆಯ ಕಡೆ ಕತ್ತು ತಿರುಗಿಸಿದರು. ಅಲ್ಲಿ ಪೀಠದ ಬದಿಯಲ್ಲಿ ಅವರ ಮಾವನ ಕಾಲದ ಶಂಖ ಇತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದರು.

"ಶಂಖದ ದಾಯಾದಿ ಅಂತ ಆಯ್ತು" ಎಂದರು. "ಪುಣ್ಯಕ್ಕೆ ಅಜ್ಜಿ ಈಗ ಇಲ್ಲ. ಇದ್ದಿದ್ದರೆ ಆ ಹುಡಿ ಹಾಕಿದ ಕಿವಿಯನ್ನೇ ಕೊಯ್ದು ಇಡ್ತಿದ್ದಳು." ಆಮೇಲೆ, "ಹೇಳಲೇಬೇಕು ಅಂತ ಹೇಳಿದ್ದು ಅವರಾ?" ಎಂದು ಕೇಳಿದರು.

ಹೌದು ಎಂದೆ. ಒಳಗೆ ಹೋಗಿ ಹಲಸಿನ ಹಪ್ಪಳದ ಒಂದು ಕಟ್ಟು ತಂದು ನನ್ನ ಕೈಗಿತ್ತರು. "ಇದು ಎಂತ ಅಂತ ಸರಿಯಾಗಿ ಹೇಳಿ ಕೊಡು ಅವರಿಗೆ."

ಕಾಕ ಆ ಹಪ್ಪಳವನ್ನು ಬೆಳಕಿಗೆ ಹಿಡಿದು, ಎರಡೂ ಬದಿ ಮಗುಚಿ ನೋಡಿ, "ಬರಿಕ್ಕೆ ಹಲಸು" ಎಂದರು. ಅದು ಗಟ್ಟಿ ತೊಳೆಯ ಬರಿಕ್ಕೆಯೇ. ಮೆತ್ತಗಿನ ತುಳುವ ಹಲಸಲ್ಲ.

ಅಂಗಡಿಯನ್ನು ಅವರು ಮುಚ್ಚಿದ್ದು ಎರಡು ವರ್ಷದ ಹಿಂದೆ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಪುತ್ತೂರಿನಲ್ಲಿ ತೋರಿಸಿದರು, ಮಂಗಳೂರಿನಲ್ಲೂ ತೋರಿಸಿದರು. ಹೋದ ದೃಷ್ಟಿ ಹಿಂದೆ ಬರುವುದಿಲ್ಲ, ಇದ್ದದ್ದು ಉಳಿದರೆ ಸಾಕು ಎಂದರಂತೆ. ಇದನ್ನೆಲ್ಲ ಅವರು ಯಾರಿಗೂ ಹೇಳಿರಲಿಲ್ಲ. ಒಂದು ದಿನ ಹೆಂಗಸೊಬ್ಬರು ಹಿಂದಿನ ದಿನ ಒಯ್ದ ಬಂಗುಡೆಯನ್ನು ವಾಪಸ್ ತಂದರು. ಸಿಟ್ಟಿನಿಂದ ಅಲ್ಲ, ಸಂಕೋಚದಿಂದ. "ಇದು ಹಳತಾಗಿತ್ತು ಕಾಕ. ನೀವು ನಿನ್ನೆ ಹೊಸತ್ತು ಅಂತ ಹೇಳಿದ್ದಿರಿ." ಕಾಕ ಮೀನನ್ನು ಮೂಗಿನ ಹತ್ತಿರ ಹಿಡಿದರು, ಬೆರಳಿನಿಂದ ಒತ್ತಿದರು, ಕಿವಿರು ಎತ್ತಿದರು. ಆಮೇಲೆ ದುಡ್ಡು ಎಣಿಸಿ ಹಿಂದೆ ಕೊಟ್ಟರು.

ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತರು. "ಮೀನಿನ ಕಣ್ಣು ಮಸುಕಾಗಿತ್ತಾ, ನನ್ನದಾ ಅಂತ ಗೊತ್ತಾಗ್ಲಿಲ್ಲ ಅಕ್ಕ" ಎಂದರು. ಆ ವಾರದಲ್ಲೇ ಅಂಗಡಿ ಬಿಟ್ಟುಕೊಟ್ಟು, ನೆಲ್ಯಾಡಿಯಲ್ಲಿದ್ದ ಮಗಳ ಮನೆಗೆ ಹೋದರು.

ಅವರು ಹೋದ ಮೇಲೆ ವಿಕಿಯಲ್ಲಿ ಕೆಲಸ ನಿಧಾನವಾಯಿತು. ಗೇಮಿಗೆ ಹೊಸ ಪ್ರಾಣಿಗಳು ಬಂದವು. 'ಮೂಲ ತಿಳಿದಿಲ್ಲ' ಎಂಬ ಪಟ್ಟಿ ಉದ್ದವಾಗುತ್ತಾ ಹೋಯಿತು. ಮಾಡರೇಟರ್ ಒಮ್ಮೆ, ಆ ಕೈ ಕಾಣಿಸುತ್ತಿಲ್ಲವಲ್ಲ ಎಂದು ಕೇಳಿದ. ನನಗೆ ನಾಚಿಕೆಯಾಯಿತು. ಒಂದು ಭಾನುವಾರ ಬಸ್ಸು ಹತ್ತಿದೆ.

ರಬ್ಬರ್ ತೋಟದ ನಡುವಿನ ಸಣ್ಣ ತಾರಸಿ ಮನೆ. ಅಂಗಳದಲ್ಲಿ ರಬ್ಬರ್ ಶೀಟು ಒಣಗಲು ಹಾಕಿದ್ದರು. ಕಾಕ ಜಗಲಿಯಲ್ಲಿ ಕುರ್ಚಿ ಹಾಕಿ ಕುಳಿತಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ಆ ವೇಷದಲ್ಲಿ ಅವರನ್ನು ನಾನು ನೋಡಿಯೇ ಇರಲಿಲ್ಲ; ಯಾರೋ ನಿವೃತ್ತ ಹೆಡ್‌ಮಾಸ್ತರರ ಹಾಗೆ ಕಾಣುತ್ತಿದ್ದರು. ನನ್ನ ಸ್ವರ ಕೇಳಿದೊಡನೆ ಎದ್ದು ನಿಂತು, "ಸಾಹೇಬ ಎಂತ ಹೇಳ್ತಾನೆ?" ಎಂದರು. ಅತ್ತೆಯ ಆರೋಗ್ಯ ಆಮೇಲೆ ವಿಚಾರಿಸಿದರು.

ಅವರ ಹೆಂಡತಿಯನ್ನು ನೋಡಿದ್ದು ನಾನು ಅದೇ ಮೊದಲು. ಸಣ್ಣ ದೇಹ, ತಲೆಯ ಮೇಲೆ ಬಿಳಿ ಬಟ್ಟೆ, ಕಡಿಮೆ ಮಾತು. ಪೇಟೆಯ ಅಂಗಡಿಗೆ ಅವರು ಎಂದೂ ಬಂದವರಲ್ಲ. ನನಗೆ ಏನು ಕೊಟ್ಟರೆ ಆಗುತ್ತದೆ, ಏನು ಆಗುವುದಿಲ್ಲ ಎಂದು ಯೋಚಿಸಿರಬೇಕು, "ಬಾಳೆಹಣ್ಣು ಆಗ್ತದಲ್ಲ?" ಎಂದು ಕೇಳಿ ಚಹಾ ಮಾಡಲು ಒಳಗೆ ಹೋದರು.

ಕಾಕನಿಗೆ ಮೊಬೈಲಿನ ಚಿತ್ರ ಬಣ್ಣದ ಮಸುಕಾಗಿ ಮಾತ್ರ ಕಾಣುತ್ತಿತ್ತು. "ನೀವು ನೋಡಿ ಹೇಳಿ. ನಾನು ಕೇಳ್ತೇನೆ" ಎಂದರು. ಹೊಸ ಪ್ರಾಣಿಯೊಂದನ್ನು ತೆರೆದೆ. ತಲೆಯ ಮೇಲೆ ಕಿರೀಟ, ಕುತ್ತಿಗೆಯಲ್ಲಿ ಮಣಿಸರ.

"ಅದೆಲ್ಲ ತೆಗೆಯಿರಿ. ಮೈ ಹೇಗುಂಟು?"

"ಉದ್ದ, ಉರುಟು. ಬೆಳ್ಳಿಯ ಬಣ್ಣ."

"ಮೂತಿ?"

"ಚೂಪು. ಬಾಯಿ ಮಾತ್ರ ಬಹಳ ಸಣ್ಣ."

"ಬೆನ್ನಿನ ಮೇಲೆ ರೆಕ್ಕೆ ಒಂದಾ, ಎರಡಾ?"

ಪ್ರಾಣಿಯನ್ನು ತಿರುಗಿಸಿದೆ. "ಎರಡು. ಮುಂದಿನದ್ದಕ್ಕೆ ಮುಳ್ಳಿನ ಹಾಗೆ ಉಂಟು."

"ಹೆದರಿದರೆ ಎಂತ ಮಾಡ್ತದೆ ಅದು?"

"ಮರಳಿನೊಳಗೆ ನುಗ್ಗಿ ಅಡಗ್ತದೆ."

ಇದನ್ನು ಹೇಳುವಾಗಲೇ ನನಗೆ ಗೊತ್ತಾಗಿಬಿಟ್ಟಿತು. ಬಲೆ ಬಂದರೆ ಮರಳಿಗೆ ನುಗ್ಗುವ ಮೀನಿನ ಬಗ್ಗೆ ಅವರೇ ಒಮ್ಮೆ ನನಗೆ ಹೇಳಿದ್ದರು. ಆದರೆ ನಾನು ಹೇಳಲಿಲ್ಲ. ಅವರೇ ಹೇಳಲಿ ಎಂದು ಕಾದೆ. ಅವರಿಗೂ ಗೊತ್ತಾಗಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ಅವರೂ ಹೇಳಲಿಲ್ಲ. ಇವಳು ಕಲಿತಿದ್ದಾಳೋ ಇಲ್ಲವೋ ನೋಡೋಣ ಎಂಬ ಮಾಸ್ತರರ ನಗು ಇಟ್ಟುಕೊಂಡು ಸುಮ್ಮನೆ ಕುಳಿತರು. ನಾನು ಅವರಿಗಾಗಿ, ಅವರು ನನಗಾಗಿ ಕಾಯುತ್ತಾ, ಇಬ್ಬರೂ ಅಂಗಳದ ರಬ್ಬರ್ ಶೀಟು ನೋಡುತ್ತಿದ್ದೆವು.

ಅಷ್ಟರಲ್ಲಿ ಚಹಾ ತಂದ ಅವರ ಹೆಂಡತಿ, ತಟ್ಟೆ ಇಡಲು ಬಗ್ಗಿದವರು, ನನ್ನ ಕೈಯ ಮೊಬೈಲನ್ನು ಒಮ್ಮೆ ನೋಡಿದರು.

"ಕಾಣೆ ಮೀನಲ್ವಾ ಇದು? ಇದಕ್ಕೆ ಮಣಿಸರ ಹಾಕಿದ್ದು ಯಾರು?"

ಕಾಕ ಗಕ್ಕನೆ ಆ ಕಡೆ ತಿರುಗಿದರು. "ನಿನಗೆ ಹೇಗೆ ಗೊತ್ತು?"

"ಹೇಗೆ ಅಂದರೆ? ನಲವತ್ತು ವರ್ಷ ತಂದು ಹಾಕಿದ್ದು ನೀವು, ಕ್ಲೀನ್ ಮಾಡಿದ್ದು ನಾನು."

"ಇಷ್ಟು ವರ್ಷದಲ್ಲಿ ಒಂದು ದಿನವೂ ಹೇಳ್ಲಿಲ್ಲ, ಮೀನು ಹೀಗೆಲ್ಲ ಗೊತ್ತುಂಟು ಅಂತ?"

"ನೀವು ಕೇಳಿದ್ದು ಯಾವಾಗ?"

ಕಾಕ ಅಂಗಿಯ ಕಾಲರನ್ನು ಒಮ್ಮೆ ಸರಿ ಮಾಡಿಕೊಂಡರು. ಆಮೇಲೆ, "ಗೊತ್ತಾಗದ್ದು ಇನ್ನೆಷ್ಟು ಉಂಟು ಅಕ್ಕ ನಿಮ್ಮತ್ರ?" ಎಂದು ಕೇಳಿದರು.

"ಆರು ಉಂಟು."

"ಅವಳಿಗೆ ತೋರಿಸಿ."

ಅವರ ಹೆಂಡತಿ ಬೇಡ ಬೇಡ ಎಂದರು, ಒಲೆಯ ಮೇಲೆ ಅನ್ನ ಇದೆ ಎಂದರು. ಹಾಗೆನ್ನುತ್ತಲೇ ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಪಕ್ಕದಲ್ಲಿ ಕುಳಿತು ಮೊಬೈಲನ್ನು ತೆಗೆದುಕೊಂಡರು. ಕಾಕ ಕುರ್ಚಿಯನ್ನು ಒಂದು ಗೇಣು ಹತ್ತಿರ ಎಳೆದುಕೊಂಡು, ಹೆಂಡತಿ ಏನು ಹೇಳುತ್ತಾರೆಂದು ಕೇಳಲು ತಲೆ ಬಾಗಿಸಿ ಕುಳಿತರು.